ಹೋದ ಕಥೆ ಗೊತ್ತು, ಬಂದ ಕಥೆ?

ಇವತ್ತಿನ ಸಂಚಿಕೆ ದೂರದ ಪ್ರಯಾಣದ ಬಗ್ಗೆ. ಹೊರಡೋದರ ಬಗ್ಗೆ ಬೇಕಾದಷ್ಟು ಜನ ಮಾತಾಡಿದ್ದಾರೆ, ಹಾಗಾಗಿ ನಾವು ವಾಪಸ್ ಬರೋದರ ಬಗ್ಗೆ ಮಾತಾಡೋಣ.

ನಿಮ್ಮ ಫೋನಲ್ಲೇ ನೋಡಿ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೈಕಲ್ ತುಳಿದವರ ವಿಡಿಯೋ ಎಷ್ಟು ಸಿಗುತ್ತೆ! ಪಂಕ್ಚರ್, ಮಳೆ, ಢಾಬಾ, ದಾರೀಲಿ ಸಿಕ್ಕ ಒಳ್ಳೆ ಮನುಷ್ಯರು ಎಲ್ಲ ಇರುತ್ತೆ. ಕೊನೇ ವಿಡಿಯೋದಲ್ಲಿ ಹಾರ, ಕೇಕು, ಅಮ್ಮನ ಕಣ್ಣೀರು. ಮಾರನೇ ದಿನ ಬೆಳಗ್ಗೆ ಆ ಹುಡುಗ ಎದ್ದು ಏನ್ ಮಾಡಿದ? ಅದಕ್ಕೆ ವಿಡಿಯೋ ಇಲ್ಲ.

ಈ ಪ್ರಶ್ನೆ ನನ್ನನ್ನ ಹಿಡಿದುಕೊಂಡಿದ್ದಕ್ಕೆ ಒಂದು ಕಾರಣ ಇದೆ. ನಾನು ಶಿಕಾರಿಪುರದವನು. ಬಿ.ಕಾಂ. ಮುಗಿಸಿ, ಅಪ್ಪನ ಬೀಜ ಗೊಬ್ಬರದ ಅಂಗಡಿಯ ಲೆಕ್ಕ ಬರೀತಾ, ಪೇಟೆಯ ನಾಲ್ಕಾರು ಅಂಗಡಿಗಳ ಜಿಎಸ್‌ಟಿ ಕೆಲಸ ಮಾಡ್ತಾ ಇದೀನಿ. ರಿಟರ್ನ್ ಅಂದ್ರೆ ನನಗೆ ಪ್ರತಿ ತಿಂಗಳು 20ನೇ ತಾರೀಕಿನೊಳಗೆ ತುಂಬೋ ಜಿಎಸ್‌ಟಿಆರ್-3ಬಿ ಅಷ್ಟೇ ಆಗಿತ್ತು. ಒಂದು ಸಲ ಸಂಕ್ರಾಂತಿ ಮುಗಿಸಿ ಸೈಕಲ್ ಹತ್ತಿದೆ. ತಾಳಗುಂದದಿಂದ ಕಂಚಿ, ಕಂಚಿಯಿಂದ ಶ್ರೀಶೈಲ, ಅಲ್ಲಿಂದ ಬನವಾಸಿ ಮೇಲೆ ಮತ್ತೆ ಊರಿಗೆ. ಸುಮಾರು 1,600 ಕಿಲೋಮೀಟರ್. ತುಳಿಯೋದು ಕಷ್ಟ ಆಗಲಿಲ್ಲ ಅಂತ ಹೇಳಲ್ಲ. ಆದರೆ ನಿಜವಾದ ಕಷ್ಟ ಶುರುವಾಗಿದ್ದು ಸೈಕಲ್ಲನ್ನ ಮನೆ ಗೋಡೆಗೆ ಒರಗಿಸಿದ ಮೇಲೆ.

ಈ ದಾರಿ ನಾನು ಸುಮ್ಮನೆ ಆರಿಸಿಕೊಂಡಿದ್ದಲ್ಲ. ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಸಾವಿರದ ಆರುನೂರು ವರ್ಷಕ್ಕೂ ಹಿಂದೆ ಇದೇ ಕಡೆಗೆ ಹೋಗಿದ್ದ. ಅವನು ವಾಪಸ್ ಬಂದ ಕಥೆಯೇ ಕರ್ನಾಟಕದ ಮೊದಲನೇ ರಾಜಮನೆತನದ ಕಥೆ ಅಂತ ಶಾಲೆಯಲ್ಲಿ ಓದಿರ್ತೀರಿ. ಹೌದು, ಮಯೂರ.

ಮಯೂರ ಅಂದ ತಕ್ಷಣ ಕಣ್ಣಮುಂದೆ ಬರೋದು 1975ರ ಸಿನಿಮಾ, ರಾಜ್‌ಕುಮಾರ್. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು. ಈಗ ಸಿನಿಮಾ ಪಕ್ಕಕ್ಕಿಟ್ಟು ಕಲ್ಲಿನ ಹತ್ತಿರ ಹೋಗೋಣ.

ಮೊದಲು ಜಾಗ ಹೇಳಿಬಿಡ್ತೀನಿ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹತ್ತಿರ ಹತ್ತಿರ 20 ಕಿಲೋಮೀಟರ್. ಅಲ್ಲಿಂದ ಪಕ್ಕದಲ್ಲೇ ಬಳ್ಳಿಗಾವಿ, ಸ್ವಲ್ಪ ಮುಂದೆ ತಾಳಗುಂದ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಆಸುಪಾಸಿನಲ್ಲಿ. ಶಿರಾಳಕೊಪ್ಪದಿಂದ ಪಶ್ಚಿಮಕ್ಕೆ ಹೋದರೆ ಸೊರಬ, ಸೊರಬದಿಂದ ಆಚೆಗೆ ವರದಾ ನದಿ ದಂಡೆಯ ಬನವಾಸಿ. ಅಂದರೆ ಮಯೂರ ಹುಟ್ಟಿದ ಊರಿಗೂ ಅವನ ವಂಶದ ರಾಜಧಾನಿಗೂ ನಡುವೆ ಇರೋದು ಸೊರಬ ತಾಲ್ಲೂಕು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನ ಇದೆ. ಅದರ ಎದುರಿಗೆ ಒಂದು ಕಲ್ಲಿನ ಕಂಬ. ಅದರ ಮೇಲೆ ಸಂಸ್ಕೃತದಲ್ಲಿ ಒಂದು ದೊಡ್ಡ ಪದ್ಯಶಾಸನ. ಕದಂಬರ ಶಾಂತಿವರ್ಮನ ಕಾಲ, ಅಂದರೆ 5ನೇ ಶತಮಾನದ ನಡುಭಾಗ. ಬರೆದ ಕವಿಯ ಹೆಸರು ಕುಬ್ಜ. ಕಾವ್ಯ ಕಟ್ಟಿದ್ದೂ ಅವನೇ, ಕಲ್ಲಿನ ಮೇಲೆ ಬರೆದದ್ದೂ ತಾನೇ ಅಂತ ಹೇಳ್ಕೊಂಡಿದ್ದಾನೆ. 19ನೇ ಶತಮಾನದ ಕೊನೆಗೆ ಬಿ.ಎಲ್. ರೈಸ್ ಈ ಶಾಸನವನ್ನ ಹೊರಜಗತ್ತಿಗೆ ತೋರಿಸಿದರು. ಆಮೇಲೆ ಕೀಲ್‌ಹಾರ್ನ್ ಅನ್ನೋ ಜರ್ಮನ್ ವಿದ್ವಾಂಸರು ಅದನ್ನ ಸಂಪಾದಿಸಿದರು. ಮಯೂರನ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹುಪಾಲು ಬಂದಿರೋದು ಈ ಒಂದು ಕಂಬದಿಂದ.

ಕಂಬ ಹೇಳೋ ಕಥೆ ಹೀಗಿದೆ. ತಾಳಗುಂದದ ಹಳೇ ಹೆಸರು ಸ್ಥಾನಕುಂದೂರು. ಅಲ್ಲಿ ವೇದ ಓದಿಕೊಂಡಿದ್ದ ಒಂದು ಮನೆತನ. ಮನೆ ಹತ್ತಿರ ಒಂದು ಕದಂಬ ಮರ. ಆ ಮರವನ್ನ ಜೋಪಾನವಾಗಿ ನೋಡಿಕೊಂಡಿದ್ದರಿಂದ ಮನೆತನಕ್ಕೂ ಅದೇ ಹೆಸರು ಬಂತು. ಆ ಮನೆಯ ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಹೋದ. ಉದ್ದೇಶ ಓದು. ಕಂಚಿಯ ಘಟಿಕಾಸ್ಥಾನ ಆಗಿನ ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರ. ಈಗಿನ ರಸ್ತೆಯಲ್ಲಿ ಲೆಕ್ಕ ಹಾಕಿದರೂ ಅದು 600 ಕಿಲೋಮೀಟರ್ ದಾಟುತ್ತೆ. ಅವರು ನಡೆದೇ ಹೋಗಿರಬೇಕು.

ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳ ಆಯ್ತು. ಜಗಳ ಯಾತಕ್ಕೆ ಅಂತ ಶಾಸನ ಬಿಡಿಸಿ ಹೇಳಲ್ಲ. ಆದರೆ ಹುಡುಗನ ಮನಸ್ಸಿಗೆ ಏನಾಯ್ತು ಅನ್ನೋದನ್ನ ಹೇಳುತ್ತೆ. ಎಷ್ಟು ಓದಿದರೂ, ಎಷ್ಟು ಶ್ರದ್ಧೆಯಿಂದ ಗುರುಸೇವೆ ಮಾಡಿದರೂ, ಕೊನೆಗೆ ಎಲ್ಲ ರಾಜನ ಕೈಯಲ್ಲಿದೆ ಅನ್ನೋ ನೋವು. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ್ದ ಕೈ ಕತ್ತಿ ಹಿಡೀತು ಅಂತ ಕುಬ್ಜ ಬರೀತಾನೆ.

ಇಲ್ಲಿವರೆಗೂ ಸಿನಿಮಾದಲ್ಲಿ ನೋಡಿರ್ತೀರಿ. ಈಗ ನನ್ನ ಪ್ರಶ್ನೆ. ಆ ಹುಡುಗ ಕಂಚಿ ಬಿಟ್ಟ ಮೇಲೆ ಸೀದಾ ಊರಿಗೆ ಬಂದನಾ?

ಇಲ್ಲ. ಪಲ್ಲವರ ಗಡಿ ಕಾಯೋರನ್ನ ಹೊಡೆದು, ಶ್ರೀಪರ್ವತದ ಬಾಗಿಲವರೆಗೂ ಹಬ್ಬಿದ್ದ ದಟ್ಟ ಕಾಡಿನಲ್ಲಿ ನೆಲೆ ನಿಂತ ಅಂತ ಶಾಸನ ಹೇಳುತ್ತೆ. ಶ್ರೀಪರ್ವತ ಅಂದರೆ ಈಗಿನ ಶ್ರೀಶೈಲ. ಬಾಣರಿಂದ ಕಪ್ಪ ಕಾಣಿಕೆ ವಸೂಲಿ ಮಾಡಿದ. ಪಲ್ಲವರು ದಂಡೆತ್ತಿ ಬಂದರೆ ರಾತ್ರಿ ಹೊತ್ತು ಅವರ ಬಿಡಾರದ ಮೇಲೆ ಬಿದ್ದ. ಕೊನೆಗೆ ಪಲ್ಲವರೇ ಅವನ ಶೌರ್ಯ ನೋಡಿ ರಾಜಿಗೆ ಬಂದರು. ಅವನೂ ಸ್ವಲ್ಪ ಕಾಲ ಅವರ ಸೇವೆ ಮಾಡಿ ಮೆಚ್ಚಿಸಿದ. ಆಮೇಲೆ ಪಶ್ಚಿಮ ಸಮುದ್ರದಿಂದ ಶುರುವಾಗೋ ಒಂದು ಸೀಮೆ ಅವನಿಗೆ ಸಿಕ್ಕಿತು, ಪಟ್ಟ ಆಯ್ತು. ಚರಿತ್ರೆಕಾರರು ಇದನ್ನ ಸುಮಾರು ಕ್ರಿ.ಶ. 345ರ ಹೊತ್ತಿಗೆ ಇಡ್ತಾರೆ.

ಗಮನಿಸಿ, ಓದೋಕೆ ಅಂತ ಹೋದವನು ಆ ಓದಿನ ಬದುಕಿಗೆ ಮತ್ತೆ ಮರಳಲೇ ಇಲ್ಲ. ಅವನ ವಂಶದ ರಾಜಧಾನಿ ಆದದ್ದು ಬನವಾಸಿ. ತಾಳಗುಂದದಿಂದ ಸೊರಬ ದಾಟಿ ಸ್ವಲ್ಪ ಆಚೆ. ಮನೆಯ ಹತ್ತಿರಕ್ಕೆ ಬಂದ, ಹಳೇ ಮನೆಗೆ ಬರಲಿಲ್ಲ. ಹೆಸರಲ್ಲೂ ಅದು ಕಾಣುತ್ತೆ. ಶಾಸನದಲ್ಲಿ ಅವನು ಮಯೂರಶರ್ಮ. ಅವನ ಮಗ ಕಂಗವರ್ಮ. ಅಪ್ಪ ಶರ್ಮ, ಮಗ ವರ್ಮ. ಒಂದು ಪ್ರಯಾಣ ಒಂದು ಮನೆತನದ ಹೆಸರಿನ ಬಾಲವನ್ನೇ ಬದಲಾಯಿಸಿಬಿಡ್ತು.

ಇಂಥದ್ದು ರಾಜರಿಗೆ ಮಾತ್ರ ಆಗುತ್ತೆ ಅಂದುಕೋಬೇಡಿ. ಸೈಕಲ್ ಚರಿತ್ರೆಗೇ ಬನ್ನಿ.

ಸೈಕಲ್ ಮೇಲೆ ಮೊದಲು ಭೂಮಿ ಸುತ್ತಿದವನು ಥಾಮಸ್ ಸ್ಟೀವನ್ಸ್. ಮುಂದೆ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿ ಇರ್ತಿತ್ತಲ್ಲ, ಆ ಹಳೇ ಸೈಕಲ್. 1884ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಲ್ಲಿಸಿದ. ನಡುವೆ ಉತ್ತರ ಭಾರತವನ್ನೂ ದಾಟಿದ್ದ. ಆಮೇಲೆ? ಮನೇಲಿ ಕೂರೋಕಾಗಲಿಲ್ಲ. ಆಫ್ರಿಕಾಕ್ಕೆ ಹೋದ. ರಷ್ಯಾದಲ್ಲಿ ಕುದುರೆ ಮೇಲೆ ಓಡಾಡಿದ. ಕೊನೆಗೆ ಲಂಡನ್ನಿನ ಗ್ಯಾರಿಕ್ ಥಿಯೇಟರಿನ ವ್ಯವಹಾರ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ. ಭೂಮಿ ಸುತ್ತಿದ ಮನುಷ್ಯನೂ ಒಂದು ದಿನ ಟಿಕೆಟ್ಟು, ಸಂಬಳ, ಬಾಡಿಗೆ ಲೆಕ್ಕಕ್ಕೆ ಬಂದ. ಲೆಕ್ಕ ಬರೆಯೋ ನನಗೆ ಇದು ಓದಿ ಎಷ್ಟು ಸಮಾಧಾನ ಆಯ್ತು ಅಂತ ಕೇಳಬೇಡಿ!

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 1923ರ ಅಕ್ಟೋಬರ್ 15ಕ್ಕೆ ಮುಂಬೈನಿಂದ ಆರು ಪಾರ್ಸಿ ಯುವಕರು ಸೈಕಲ್ ಮೇಲೆ ಭೂಪ್ರದಕ್ಷಿಣೆಗೆ ಹೊರಟರು. ನಾಲ್ಕೂವರೆ ವರ್ಷ ಹತ್ತಿರ ಆಯ್ತು, ಸುಮಾರು 71,000 ಕಿಲೋಮೀಟರ್ ಆಯ್ತು. 1928ರ ಮಾರ್ಚ್‌ನಲ್ಲಿ ಪೂರ್ತಿ ಸುತ್ತಿ ಮುಂಬೈಗೆ ಬಂದದ್ದು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮಗಾರಾ. ಉಳಿದ ಮೂವರಲ್ಲಿ ನರಿಮನ್ ಕಪಾಡಿಯಾ ಟೆಹರಾನ್‌ನಿಂದಲೇ ಊರಿಗೆ ಮರಳಿದರು. ಗುಸ್ತಾದ್ ಹಾಥಿರಾಮ್ ಅಮೆರಿಕದಲ್ಲೇ ನೆಲೆ ನಿಂತರು. ಗೆಳೆಯ ಅಲ್ಲೇ ಉಳಿದ ಬೇಸರಕ್ಕೆ ಕೇಕಿ ಪೋಚ್‌ಖಾನಾವಾಲಾ ಅಲ್ಲಿಂದ ಭಾರತಕ್ಕೆ ಬಂದುಬಿಟ್ಟರು. ಪೂರ್ತಿ ಸುತ್ತಿದ ಮೂವರು ತಮ್ಮ ಪ್ರಯಾಣದ ಪುಸ್ತಕ ಪ್ರಕಟಿಸಿದ್ದು 1931ರಲ್ಲಿ. ಊರಿಗೆ ಬಂದು ಮೂರು ವರ್ಷ ಆದಮೇಲೆ.

ಆ ಮೂರು ವರ್ಷದ ಬಗ್ಗೆ ನನಗೆ ತುಂಬಾ ಕುತೂಹಲ. ಯಾಕಂದ್ರೆ ನನಗೆ ಬರೀ ಮೂರು ವಾರದ ಪ್ರಯಾಣಕ್ಕೇ ತಿಂಗಳುಗಟ್ಟಲೆ ಬೇಕಾಯ್ತು.

ಏನಾಗುತ್ತೆ ಅಂದ್ರೆ, ದಾರೀಲಿರೋವಾಗ ದಿನಕ್ಕೊಂದೇ ಕೆಲಸ. ಮುಂದಿನ ಊರು ಮುಟ್ಟಬೇಕು, ನೀರು ಹುಡುಕಬೇಕು, ಮಲಗೋಕೆ ಜಾಗ ನೋಡಬೇಕು. ಸಂಜೆ ಹೊತ್ತಿಗೆ ಲೆಕ್ಕ ಚುಕ್ತಾ. ಊರಿಗೆ ಬಂದರೆ ಯಾವ ಕೆಲಸವೂ ಆ ಥರ ಸಂಜೆಗೆ ಮುಗಿಯಲ್ಲ. ಬೆಳಗ್ಗೆ ನಾಲ್ಕೂವರೆಗೇ ಎಚ್ಚರ ಆಗೋದು, ಎದ್ದು ಹೋಗೋಕೆ ಜಾಗ ಇರಲ್ಲ. ಅಂಗಡೀಲಿ ಕೂತರೆ ಕಾಲು ತಾನಾಗೇ ಅಲ್ಲಾಡ್ತಿತ್ತು. ಗಿರಾಕಿ ಯೂರಿಯಾ ಕೇಳಿದರೆ ನನ್ನ ತಲೆ ಕಡಪದ ಬಿಸಿಲಲ್ಲಿರ್ತಿತ್ತು. ಪೇಟೆಯ ಜನ ಕೇಳ್ತಿದ್ದದ್ದು ಎರಡೇ ಪ್ರಶ್ನೆ. ಒಂದು, "ಎಷ್ಟು ಖರ್ಚಾಯ್ತು ತಮ್ಮಾ?" ಇನ್ನೊಂದು, "ಮುಂದೇನು?" ಹೇಗಿತ್ತು ಅಂತ ಕೇಳಿದವರು ಎರಡು ನಿಮಿಷ ಆದಮೇಲೆ ಫೋನ್ ನೋಡೋಕೆ ಶುರು ಮಾಡ್ತಿದ್ದರು. ಅವರದ್ದೇನೂ ತಪ್ಪಿಲ್ಲ ಬಿಡಿ. ಅವರ ದಿನ ಅವರಿಗೆ ನಡೀತಾ ಇದೆ. ಗಾಡಿ ನಿಂತಿದ್ದು ನಂದು.

ನನಗೆ ದಾರಿ ತೋರಿಸಿದ್ದು ಸೊರಬದಲ್ಲಿ ಸಿಕ್ಕ ಒಂದು ಮಾತು. ವಾಪಸ್ ಬರೋವಾಗ ಹಾನಗಲ್, ಬನವಾಸಿ ಮೇಲೆ ಬಂದು ಸೊರಬದಲ್ಲಿ ನಮ್ಮ ಅತ್ತೆ ಮನೇಲಿ ಒಂದು ರಾತ್ರಿ ಇದ್ದೆ. ಅಪ್ಪನ ಅಕ್ಕ ಅವರು. ಬಿಸಿನೀರು ಕಾಯಿಸಿ ಕೊಟ್ಟರು, ಅಕ್ಕಿ ರೊಟ್ಟಿ ಬಡಿಸಿದರು. ಆಮೇಲೆ ನನ್ನ ಬ್ಯಾಗು ನೋಡಿ ಕೇಳಿದರು:

"ಅಷ್ಟು ದೂರ ಹೋಗಿದ್ದೆ, ಏನೋ ತಂದಿದೀಯ?"

"ಏನೂ ಇಲ್ಲ ಅತ್ತೆ. ಸೈಕಲಲ್ಲಿ ಏನ್ ತರೋದು?"

"ಹಂಗಂದ್ರೆ ಹೆಂಗೋ? ಬರಿಗೈಲಿ ಬಂದ್ರೆ ಬಂದಂಗಾಯ್ತಾ? ಹೋಗಿ ಬಂದಿದ್ದು ನಾಲ್ಕು ಜನಕ್ಕೆ ಮುಟ್ಟಬೇಕಪ್ಪ."

ಆಗ ನಕ್ಕು ಸುಮ್ಮನಾದೆ. ಊರಿಗೆ ಬಂದು ಒದ್ದಾಡೋವಾಗ ಆ ಮಾತು ಮತ್ತೆ ಮತ್ತೆ ನೆನಪಾಯ್ತು. ಯಾಕಂದ್ರೆ ಅತ್ತೆ ಹೇಳಿದ್ದು ಉಡುಗೊರೆ ಬಗ್ಗೆ ಅಲ್ಲ. ನಮ್ಮ ಕಡೆ ದೂರ ಹೋಗಿ ಬಂದವರನ್ನ ಮತ್ತೆ ಊರೊಳಗೆ ಸೇರಿಸಿಕೊಳ್ಳೋಕೆ ಒಂದು ಕ್ರಮ ಇದೆ, ಅದರ ಬಗ್ಗೆ.

ಕಾಶಿಗೆ ಹೋಗಿ ಬಂದವರ ಮನೇಲಿ ಸಮಾರಾಧನೆ ಆಗುತ್ತೆ, ನೋಡಿರ್ತೀರಿ. ತಂದ ಗಂಗೆಯ ಗಿಂಡಿಗೆ ಪೂಜೆ, ಬಂಧುಬಳಗಕ್ಕೆ ಊಟ, ಕೈಗೆ ಕಾಶಿ ದಾರ, ಮನೆಗೊಂದು ಗಂಗಾಜಲ. ಶಬರಿಮಲೆಗೆ ಹೋದವರು ಮಾಲೆ ಹಾಕೋಕೆ ಹೇಗೆ ಕ್ರಮ ಇದೆಯೋ, ಬಂದ ಮೇಲೆ ತೆಗೆಯೋಕೂ ಹಾಗೇ ಇದೆ. ಮಾಲೆ ತೆಗೆದ ಮೇಲೆ ಅವರು ಸ್ವಾಮಿ ಅಲ್ಲ, ಮತ್ತೆ ನಮ್ಮ ಬೀದಿಯ ಹುಡುಗ. ಅರವಣ ಪಾಯಸದ ಡಬ್ಬಿ ಅಕ್ಕಪಕ್ಕದ ಮನೆಗೆಲ್ಲ ಹೋಗುತ್ತೆ. ಹಜ್ ಮುಗಿಸಿ ಬಂದ ಮನೆಯವರು ಝಮ್‌ಝಮ್ ನೀರು, ಖರ್ಜೂರ ಹಂಚ್ತಾರೆ. ಜಾತಿ ಧರ್ಮ ಯಾವುದಾದರೂ ಆಗಲಿ, ಲೆಕ್ಕ ಒಂದೇ. ತಂದಿದ್ದನ್ನ ಹಂಚು, ಎಲ್ಲರ ಜೊತೆ ಕೂತು ಊಟ ಮಾಡು, ನಾಳೆಯಿಂದ ನಿನ್ನ ಕೆಲಸಕ್ಕೆ ಹೋಗು.

ಹೋಗೋನಿಗೆ ದಾರಿ ಬೇಕು, ಬರೋನಿಗೆ ಬಾಗಿಲು ಬೇಕು ಅನ್ನೋದು ಹಿರಿಯರಿಗೆ ಗೊತ್ತಿತ್ತು. ಸೈಕಲ್ ಯಾತ್ರೆಗೆ ಇನ್ನೂ ಅಂಥ ಬಾಗಿಲು ಮಾಡಿಲ್ಲ. ಇನ್‌ಸ್ಟಾಗ್ರಾಮ್ ಪೋಸ್ಟ್ ಹಾಕಿ ಲೈಕ್ ಎಣಿಸ್ತೀವಿ, ಅಷ್ಟೇ.

ಈಗ ಮತ್ತೆ ತಾಳಗುಂದದ ಕಂಬದ ಹತ್ತಿರ ಹೋಗೋಣ. ಅತ್ತೆಯ ಮಾತು ತಲೇಲಿಟ್ಟುಕೊಂಡು ಆ ಶಾಸನದ ಅನುವಾದವನ್ನ ಮತ್ತೆ ಓದಿದಾಗ, ಮೊದಲು ಕಣ್ಣು ಹಾಯಿಸಿ ಬಿಟ್ಟಿದ್ದ ಒಂದು ವಿಷಯ ಎದ್ದು ಕಾಣಿಸ್ತು.

ಆ ಶಾಸನ ಬರೆಸಿದ್ದು ಯಾತಕ್ಕೆ ಗೊತ್ತಾ? ಯುದ್ಧ ಗೆದ್ದಿದ್ದಕ್ಕಲ್ಲ. ಪಟ್ಟಾಭಿಷೇಕಕ್ಕಲ್ಲ. ಒಂದು ಕೆರೆಗೆ!

ಶಾತಕರ್ಣಿಯಂಥ ರಾಜರು ಹಿಂದೆ ಪೂಜೆ ಮಾಡಿದ್ದ ಇಲ್ಲಿನ ಶಿವಾಲಯದ ಹತ್ತಿರ ಕಾಕುಸ್ಥವರ್ಮ ಒಂದು ದೊಡ್ಡ ಕೆರೆ ಕಟ್ಟಿಸಿದ. ಕಾಕುಸ್ಥವರ್ಮ ಮಯೂರಶರ್ಮನ ಮರಿಮಗ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಆ ಕೆರೆಯ ದಾಖಲೆಯಾಗಿ ಕುಬ್ಜ ಈ ಕಾವ್ಯ ಬರೆದ. ಕೆರೆ ಕಟ್ಟಿಸಿದವನು ಯಾರು, ಅವನ ವಂಶ ಯಾವುದು ಅಂತ ಹೇಳೋಕೆ ಹೋಗಿ ಮಯೂರನ ಕಂಚಿ ಪ್ರಯಾಣ, ಜಗಳ, ಕಾಡು, ಪಟ್ಟ ಎಲ್ಲ ಬಂತು. ಅಂದರೆ ಕರ್ನಾಟಕದ ಅತಿ ಪ್ರಸಿದ್ಧ ಪ್ರಯಾಣದ ಕಥೆ ನಮಗೆ ಉಳಿದಿರೋದು ಒಂದು ಊರಿನ ನೀರಿನ ವ್ಯವಸ್ಥೆಯ ಕಾಗದಪತ್ರದಲ್ಲಿ.

ಇದೊಂದೇ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಚಿತ್ರದುರ್ಗದ ಚಂದ್ರವಳ್ಳಿಗೆ ಹೋಗಿ. ಅಲ್ಲಿ ಬಂಡೆ ಮೇಲೆ ಪ್ರಾಕೃತದಲ್ಲಿ ಒಂದು ಪುಟ್ಟ ಶಾಸನ, ಮಯೂರಶರ್ಮನದೇ ಕಾಲದ್ದು. ವಿದ್ವಾಂಸರು ಓದಿರೋ ಪ್ರಕಾರ ಅದರಲ್ಲಿ ಅವನು ಸೋಲಿಸಿದ ರಾಜರ ಒಂದು ಪಟ್ಟಿ ಇದೆ. ಆದರೆ ಅದರ ವಿಷಯವೂ ಕೆರೆಯೇ. ಕದಂಬರ ಮಯೂರಶರ್ಮ ಮಾಡಿಸಿದ ಕೆರೆ. ಕಂಚಿಗೆ ಓದಕ್ಕೆ ಹೋಗಿ, ಓದು ಬಿಟ್ಟು, ಕಾಡಲ್ಲಿ ಬದುಕಿ ಬಂದ ಮನುಷ್ಯ ಕೊನೆಗೆ ಕೈ ಹಾಕಿದ್ದು ನೀರು ನಿಲ್ಲಿಸೋ ಕೆಲಸಕ್ಕೆ.

ಕೆರೆ ಅನ್ನೋದು ಒಂದು ಸಲ ಕಟ್ಟಿ ಮರೆಯೋ ವಸ್ತು ಅಲ್ಲ ಅನ್ನೋದು ನಮ್ಮ ಮಲೆನಾಡಂಚಿನ ಜನಕ್ಕೆ ಹೇಳಬೇಕಾಗಿಲ್ಲ. ಹೂಳು ತೆಗೀಬೇಕು, ಏರಿ ನೋಡಬೇಕು, ತೂಬು ಸರಿ ಇದೆಯಾ ಅಂತ ಪ್ರತಿ ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡಬೇಕು. ಅಂದರೆ ಅದು ದಿನನಿತ್ಯದ ಬದುಕು. ಕಾಮರ್ಸ್ ಓದಿದವರಿಗೆ ಹೇಳೋದಾದರೆ, ಈ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಮುಂದಿನ ವರ್ಷದ ಓಪನಿಂಗ್ ಬ್ಯಾಲೆನ್ಸ್. ಪ್ರಯಾಣದಲ್ಲಿ ಗಳಿಸಿದ್ದು ಅಲ್ಲೇ ಮುಗಿದುಹೋಗಬಾರದು, ಊರಿನ ಖಾತೆಗೆ ಜಮಾ ಆಗಬೇಕು.

ಎಲ್ಲರೂ ಹೀಗೆ ವಾಪಸ್ ಬಂದು ಕೆರೆ ಕಟ್ಟಬೇಕು ಅಂತ ನಾನು ಹೇಳ್ತಾ ಇಲ್ಲ. ಇದೇ ಮಣ್ಣಿನಲ್ಲಿ ವಾಪಸ್ ಬರದೇ ಹೋದವರೂ ಇದ್ದಾರೆ. 12ನೇ ಶತಮಾನದ ಅಕ್ಕಮಹಾದೇವಿ ಉಡುತಡಿ ಬಿಟ್ಟು ಕಲ್ಯಾಣಕ್ಕೆ ಹೋದರು, ಅಲ್ಲಿಂದ ಶ್ರೀಶೈಲದ ಕದಳಿಗೆ. ಅಲ್ಲಮಪ್ರಭು ಬಳ್ಳಿಗಾವಿಯವರು. ಮದ್ದಳೆ ಬಾರಿಸ್ತಿದ್ದರು, ಪ್ರೀತಿಸಿದ ಹೆಂಗಸು ತೀರಿಕೊಂಡ ಮೇಲೆ ಊರು ಬಿಟ್ಟರು ಅಂತ ಹರಿಹರ ಕವಿಯ ರಗಳೆ ಹೇಳುತ್ತೆ. ಕಲ್ಯಾಣದಲ್ಲಿ ಶೂನ್ಯಪೀಠದ ಅಧ್ಯಕ್ಷರಾದರು. ಅವರ ಕೊನೆಯನ್ನೂ ಪರಂಪರೆ ಶ್ರೀಶೈಲಕ್ಕೇ ಜೋಡಿಸುತ್ತೆ. ಒಂದೇ ಬೆಳಗ್ಗೆ ಸೈಕಲ್ಲಲ್ಲಿ ಮುಟ್ಟಿ ಬರಬಹುದಾದ ಮೂರು ಹಳ್ಳಿಗಳಿಂದ ಮೂರು ಜನ ಹೊರಟು, ಮೂವರ ದಾರಿಯೂ ಅದೇ ಬೆಟ್ಟದ ಹತ್ತಿರ ಹೋಯಿತು. ಒಬ್ಬ ಮರಳಿ ಬಂದ, ಇಬ್ಬರು ಬರಲಿಲ್ಲ. ಬರದೇ ಇರೋದೂ ಒಂದು ನಿರ್ಧಾರ. ಆದರೆ ನಾವು ನೀವು, ಸೋಮವಾರ ಅಂಗಡಿ ಬಾಗಿಲು ತೆಗೀಬೇಕಾದವರು, ಬರಬೇಕಾಗುತ್ತೆ. ನಮಗೆ ಬೇಕಾಗಿರೋದು ಬಂದವರ ಚರಿತ್ರೆ.

ಅದಕ್ಕೆ ಬಳ್ಳಿಗಾವಿಯಲ್ಲೇ ಇನ್ನೊಂದು ಸಾಕ್ಷಿ ಇದೆ. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ್ದ ಕೋಡಿಯ ಮಠ. ಕೋಡಿ ಅಂದ್ರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದು ಹೋಗೋ ಜಾಗ. ನೋಡಿ, ಇಲ್ಲೂ ಕೆರೆ ಬಂತು. ಕಾಳಾಮುಖ ಗುರುಗಳು ನಡೆಸ್ತಿದ್ದ ಮಠ ಅದು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಉದ್ದಕ್ಕೆ ಹೇಳುತ್ತೆ. ನಾಲ್ಕೂ ವೇದ, ಬೇರೆ ಬೇರೆ ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಓದಿಸ್ತಿದ್ದರು. ಬಡವರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ. ಕಥೆ ಹೇಳೋರಿಗೆ, ಹಾಡೋರಿಗೆ, ವಾದ್ಯ ನುಡಿಸೋರಿಗೆ, ಕುಣಿಯೋರಿಗೆ ಊಟ. ಜೈನ ಸನ್ಯಾಸಿಗಳೂ ಸೇರಿದಂತೆ ಬೇರೆ ಬೇರೆ ಪಂಥದ ಸನ್ಯಾಸಿಗಳಿಗೆ, ನಾನಾ ದೇಶದಿಂದ ಬಂದ ಭಿಕ್ಷುಗಳಿಗೆ ಊಟ. ಕಾಯಿಲೆಯವರಿಗೆ ಔಷಧಿ. ಎಲ್ಲ ಜೀವಿಗಳಿಗೂ ಅಭಯ.

ಶೈವ ಮಠ ಜೈನ ಮುನಿಗೂ ಊಟ ಹಾಕ್ತಿತ್ತು ಅನ್ನೋದನ್ನ ಒಂದು ಕ್ಷಣ ಯೋಚಿಸಿ. ಬಳ್ಳಿಗಾವಿ ಅಂದರೆ ಆಗ ದೊಡ್ಡ ವ್ಯಾಪಾರದ ಪಟ್ಟಣ, ಬನವಾಸಿ ಪನ್ನಿರ್ಛಾಸಿರ ಅನ್ನೋ ನಾಡಿನ ಮುಖ್ಯ ಊರು. ಹೋಗೋರು ಬರೋರು ಸಾಲು ಸಾಲು. ಆ ಊರಿನವರು ದೊಡ್ಡ ಪ್ರಯಾಣ ಮಾಡಿದ್ದಾರೋ ಇಲ್ಲವೋ, ಪ್ರಯಾಣ ಮಾಡೋರನ್ನ ನೋಡಿಕೊಂಡರು. ಅದೂ ಒಂದಿನ ಎರಡಿನ ಅಲ್ಲ, ದಿನಾ.

ನನ್ನ ಪ್ರಯಾಣದಲ್ಲೂ ಅಂಥವರೇ ನನ್ನನ್ನ ದಾಟಿಸಿದ್ದು. ಬಿಸಿಲಲ್ಲಿ ರಸ್ತೆ ಪಕ್ಕ ಮಣ್ಣಿನ ಗಡಿಗೆ, ಮೇಲೊಂದು ತಟ್ಟೆ, ಲೋಟ. ನಮ್ಮಲ್ಲಿ ಅರವಟಿಗೆ ಅಂತೀವಲ್ಲ, ಅದೇ. ಆಂಧ್ರದಲ್ಲಿ ಚಲಿವೇಂದ್ರಂ ಅಂತಾರೆ. ಆ ಗಡಿಗೆ ತುಂಬಿಸಿದವರು ಯಾರು ಅಂತ ನನಗೆ ಒಂದು ಕಡೆಯೂ ಗೊತ್ತಾಗಲಿಲ್ಲ. ಆದರೆ ಯಾರೋ ಒಬ್ಬರು ಬೆಳಗ್ಗೆ ಎದ್ದು, ಎಲ್ಲೂ ಹೋಗದೆ, ಗಡಿಗೆ ತೊಳೆದು ನೀರು ತುಂಬಿದ್ದಕ್ಕೇ ನಾನು ಹೋಗೋಕೆ ಆಯ್ತು. ಸೈಕಲ್ ತುಳಿಯೋವಾಗ ಇದು ಹೊಳೆಯಲ್ಲ. ಎಲ್ಲ ನನ್ನ ಕಾಲಿನ ಶಕ್ತಿ ಅನಿಸುತ್ತೆ.

ಹಾಗಾಗಿ ಶಿವರಾತ್ರಿ ಕಳೆದು ಬಿಸಿಲು ಏರಿದಾಗ ನಮ್ಮ ಅಂಗಡಿ ಮುಂದೆ ಎರಡು ಗಡಿಗೆ ಇಟ್ಟೆ. ಅಮ್ಮ ಆವತ್ತೇ ಹೇಳಿಬಿಟ್ಟರು, "ಇಡೋದು ದೊಡ್ಡದಲ್ಲ ಕಣೋ. ದಿನಾ ತೊಳೀಬೇಕು. ನಾಲ್ಕು ದಿನ ಮಾಡಿ ಬಿಡೋದಾದ್ರೆ ಈಗಲೇ ಬೇಡ." ನಾಲ್ಕೂವರೆಗೆ ಎಚ್ಚರ ಆಗೋದು ಇದ್ದೇ ಇತ್ತಲ್ಲ, ಆ ಹೊತ್ತಿಗೆ ಒಂದು ಕೆಲಸ ಸಿಕ್ಕಿತು. ಸಂತೆ ದಿನ ಮಧ್ಯಾಹ್ನಕ್ಕೇ ಖಾಲಿಯಾಗುತ್ತೆ, ಮತ್ತೆ ತುಂಬಿಸಬೇಕು. ಹಳ್ಳಿಯಿಂದ ಬಂದ ಹಿರಿಯರು ನೀರು ಕುಡಿದು ಐದು ನಿಮಿಷ ಕೂರ್ತಾರೆ. ಗೋಡೆಗೆ ಒರಗಿರೋ ಸೈಕಲ್ ನೋಡಿ "ಇದ್ರಲ್ಲೇ ಹೋಗಿದ್ದಾ?" ಅಂತ ಕೇಳ್ತಾರೆ. ಆಗ ಹೇಳ್ತೀನಿ. ಅವರೂ ತಾವು ಎತ್ತಿನ ಗಾಡೀಲಿ ಚಂದ್ರಗುತ್ತಿ ಜಾತ್ರೆಗೆ ಹೋಗಿದ್ದು, ನಡಕೊಂಡು ದೂರದ ಊರಿಗೆ ಕೂಲಿಗೆ ಹೋಗಿದ್ದು ಹೇಳ್ತಾರೆ. ನನ್ನ ಕಥೆ ಕೇಳೋರು ಇಲ್ಲ ಅಂದುಕೊಂಡಿದ್ದೆ. ಕೇಳೋಕೆ ಮುಂಚೆ ಅವರಿಗೆ ಕೂರೋಕೆ ಒಂದು ಜಾಗ, ಒಂದು ಲೋಟ ನೀರು ಬೇಕಾಗಿತ್ತು. ಈ ಪಾಡ್‌ಕಾಸ್ಟ್‌ನ ಅರ್ಧ ವಿಷಯ ನನಗೆ ಸಿಗೋದು ಆ ಗಡಿಗೆ ಹತ್ತಿರವೇ.

ಕಾಲು ಅಲ್ಲಾಡೋದು ಪೂರ್ತಿ ನಿಂತಿಲ್ಲ. ನಿಲ್ಲಬೇಕು ಅಂತಾನೂ ಇಲ್ಲ. ಮುಂದೆ ಯಾವತ್ತೋ ಮತ್ತೆ ಹೊರಡ್ತೀನಿ. ಆದರೆ ಹೊರಡೋಕೆ ಮುಂಚೆ ಗಡಿಗೆ ಯಾರು ತೊಳೀತಾರೆ ಅಂತ ಮೊದಲು ಮಾತಾಡಿಕೊಂಡು ಹೋಗ್ತೀನಿ.

ನೀವೂ ಎಲ್ಲಿಂದಲೋ ವಾಪಸ್ ಬಂದವರಾಗಿರಬಹುದು. ಸೈಕಲ್ ಯಾತ್ರೆಯೇ ಆಗಬೇಕಂತಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿರಬಹುದು, ಧಾರವಾಡದಲ್ಲಿ ಮೂರು ವರ್ಷ ಪರೀಕ್ಷೆಗೆ ಓದಿ ಬಂದಿರಬಹುದು, ಗಲ್ಫ್‌ನಿಂದ ಬಂದಿರಬಹುದು. ಬಂದ ಮೊದಲ ತಿಂಗಳು ಯಾರಿಗೂ ಸುಲಭ ಇರಲ್ಲ. ಮಯೂರಶರ್ಮನಿಗೂ ಇರಲಿಲ್ಲ, ಅವನು ಕಾಡು ಹೊಕ್ಕ. ತಂದಿರೋದು ಏನಿದೆ ನೋಡಿ. ಒಂದು ಕೆಲಸ ಕಲಿತಿರಬಹುದು, ಒಂದು ಭಾಷೆ ಬಂದಿರಬಹುದು, ಹತ್ತು ಜನರ ಪರಿಚಯ ಆಗಿರಬಹುದು. ಅದನ್ನ ಊರಿಗೆ ಮುಟ್ಟಿಸೋ ಒಂದು ಸಣ್ಣ ದಿನಚರಿ ಹುಡುಕಿಕೊಳ್ಳಿ. ದೊಡ್ಡದು ಬೇಡ, ದಿನಾ ಮಾಡೋಕೆ ಆಗುವಂಥದ್ದು ಸಾಕು.

ಈ ಭಾನುವಾರ ಬಿಡುವಿದ್ದರೆ ಶಿರಾಳಕೊಪ್ಪದ ಕಡೆ ಬನ್ನಿ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ ನೋಡಿ, ತಾಳಗುಂದಕ್ಕೆ ಹೋಗಿ. ಕಂಬದ ಮೇಲಿನ ಅಕ್ಷರ ನನಗೂ ಓದೋಕೆ ಬರಲ್ಲ, ಬಹುಶಃ ನಿಮಗೂ ಬರಲ್ಲ. ಪರವಾಗಿಲ್ಲ. ಸುಮ್ಮನೆ ಎದುರು ನಿಂತು ನೋಡಿ, ಆಮೇಲೆ ಊರಿನವರನ್ನ ಕೆರೆ ಎಲ್ಲ ಹೆಂಗಿದೆ ಅಂತ ಕೇಳಿ. ಮಾತು ತಾನಾಗೇ ಮುಂದುವರಿಯುತ್ತೆ.

ಶಿಕಾರಿಪುರದ ಮೇಲೆ ಹೋಗೋದಾದರೆ ನೀರು ಕುಡಿದು ಹೋಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.